ನಾಲ್ಕನೇ ನಡೆಯ ಒಂಟೆ

ಬಸ್ ಡಿಪೋದ ಟೈಮ್‌ಕೀಪರರಿಗೂ ಎಲ್ಲರಂತೆ ಒಂದು ಹೆಸರಿತ್ತು. ಆದರೆ ಅದು ಹಾಜರಿ ಪುಸ್ತಕದಲ್ಲಿ ಮತ್ತು ಚೆಸ್ ಕ್ಲಬ್ಬಿನ ಗೋಡೆಯ ಮೇಲೆ ಮಾತ್ರ ಚಲಾವಣೆಯಲ್ಲಿತ್ತು. ಉಳಿದ ಕಡೆಯೆಲ್ಲ ಅವರು ಟೈಮಪ್ಪ. ಡ್ರೈವರುಗಳು ಬೆನ್ನ ಹಿಂದೆ ಇಟ್ಟ ಹೆಸರು ಅದು. ಇಪ್ಪತ್ತಾರು ವರ್ಷಗಳಲ್ಲಿ ನಿಧಾನವಾಗಿ ಬೆನ್ನು ಬಳಸಿ ಎದುರಿಗೆ ಬಂದು, ಕೊನೆಗೆ "ಟೈಮಪ್ಪನವರು" ಎಂದು ಬಾಲ ಬೆಳೆಸಿಕೊಂಡು ಗೌರವಸ್ಥನಂತೆ ಕೂತುಬಿಟ್ಟಿತ್ತು.

ಅವರ ಕೆಲಸ ನೋಡುವಂಥದ್ದು. ಮೂರು ಕಡೆ ಗಾಜಿರುವ ಪುಟ್ಟ ಕೋಣೆ, ಒಂದು ಮೈಕು, ಒಂದು ಸೀಟಿ, ಒಂದು ಉದ್ದನೆಯ ರಿಜಿಸ್ಟರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂದು ಅದರಲ್ಲಿ ಬರೆಯಬೇಕು. ಬೇರೆಯವರಾದರೆ ಬಸ್ಸು ಹೊರಟ ಮೇಲೆ ಬರೆಯುತ್ತಿದ್ದರು. ಟೈಮಪ್ಪನವರು ಬೆಳಿಗ್ಗೆ ಆರಕ್ಕೆ ಬಂದು ಕೂತವರೇ ಆ ದಿನ ಹೊರಡಬೇಕಾದ ಎಲ್ಲ ಬಸ್ಸುಗಳ ಹೊರಟ ಸಮಯವನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬಿಬಿಡುತ್ತಿದ್ದರು. ಆಮೇಲೆ ಬಸ್ಸು ಹನ್ನೆರಡು ನಿಮಿಷ ತಡವಾಗಿ ಹೊರಟರೆ ಅದು ಬಸ್ಸಿನ ತಪ್ಪು, ರಿಜಿಸ್ಟರಿನದಲ್ಲ. ಮೇಲಿನ ಕಚೇರಿಯಿಂದ ಬಂದ ಇನ್‌ಸ್ಪೆಕ್ಟರು ಪುಟ ತಿರುವಿ, ಇಷ್ಟು ಶಿಸ್ತಿನ ಡಿಪೋವನ್ನು ತಾನು ಕಂಡೇ ಇಲ್ಲ ಎಂದು ಷರಾ ಬರೆದು ಹೋಗಿದ್ದರು. ಅದೇ ಹೊತ್ತಿಗೆ ಹೊರಗೆ ಪ್ರಯಾಣಿಕರು ಬಸ್ಸಿಗಾಗಿ ಗಂಟೆಗಟ್ಟಲೆ ಬಾಯಿ ಬಡಿದುಕೊಳ್ಳುತ್ತಿದ್ದುದು ಇನ್‌ಸ್ಪೆಕ್ಟರ ಕಿವಿಗೆ ಬಿತ್ತೋ ಇಲ್ಲವೋ, ಟೈಮಪ್ಪನವರ ಕಿವಿಗಂತೂ ಬೀಳಲಿಲ್ಲ.

ಇನ್ನು ಕ್ಲಬ್ಬಿನ ಗೋಡೆ. ಕಾಗದದಂಗಡಿಯ ಮೇಲಿನ ಮಹಡಿಯಲ್ಲಿ, ಆ ಅಂಗಡಿಯವರೇ ಸೆಕ್ರೆಟರಿಯಾಗಿ ನಡೆಸುವ ಚೆಸ್ ಕ್ಲಬ್ಬು. ಬಾಗಿಲ ಎದುರಿನ ಗೋಡೆಗೆ ಒಂದು ಕರಿ ಹಲಗೆ. ಅದರ ಮೇಲೆ ವರ್ಷಕ್ಕೊಂದರಂತೆ ಚಾಂಪಿಯನ್ನರ ಹೆಸರು, ಬಿಳಿ ಬಣ್ಣದಲ್ಲಿ. ಮೇಲಿನಿಂದ ಹನ್ನೊಂದು ಸಾಲು ಓದಿದರೂ ಒಂದೇ ಹೆಸರು. ಹೊಸಬರು ಯಾರಾದರೂ ಬಂದು, ಇದೇನು ಪೇಂಟರನ ಕೈತಪ್ಪೇ ಎಂದು ಕೇಳಿದರೆ ಟೈಮಪ್ಪನವರು ಕೆಮ್ಮಿ, "ಅಲ್ಲ, ನಂದೇ" ಎನ್ನುತ್ತಿದ್ದರು. ಹಾಗೆ ಕೇಳುವವರು ಕಡಿಮೆಯಾದಾಗ ತಾವೇ ಹೊಸಬರನ್ನು ಹಲಗೆಯ ಕೆಳಗೆ ನಿಲ್ಲಿಸಿ, ಬೇರೆ ಏನನ್ನೋ ಮಾತಾಡುತ್ತಿದ್ದರು.

ಹನ್ನೆರಡನೆಯ ಸಾಲಿನಲ್ಲಿ ಬೇರೆ ಹೆಸರಿತ್ತು. ಅದು ಅವರ ಷಡ್ಡಕನದು.

ಹೆಂಡತಿಯ ತಂಗಿಯನ್ನು ಮದುವೆಯಾದ ಈ ಮಹಾನುಭಾವ ಹಲ್ಲಿನ ಡಾಕ್ಟರು. ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವರು, ಉಳಿದುದರಲ್ಲೆಲ್ಲ ಒಂದು ಕೈ ಮೇಲು ಎಂದು ಮನೆಮಂದಿಯ ಅಂಬೋಣ. ಅವರು ಹಾಡಿದರೆ ಮಾವನವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಟೈಮಪ್ಪನವರು ಹಾಡಿದರೆ ಕಣ್ಣು ಮಾತ್ರ ಮುಚ್ಚುತ್ತಿದ್ದರು. ಮಕ್ಕಳು ಡಾಕ್ಟರ ಹೆಗಲೇರುತ್ತಿದ್ದವು. ಹಲ್ಲು ಕೀಳಿಸಿಕೊಂಡವರು ಕೂಡ ಕೆನ್ನೆ ಹಿಡಿದುಕೊಂಡು "ಎಂಥ ಒಳ್ಳೆ ಮನುಷ್ಯ" ಎನ್ನುತ್ತ ಮೆಟ್ಟಿಲಿಳಿಯುತ್ತಿದ್ದರು.

"ರೀ, ಡಾಕ್ಟ್ರು ನಮ್ಮ ಮಿಕ್ಸಿ ಸರಿ ಮಾಡ್ಕೊಟ್ರು ನೋಡಿ. ಎರಡೇ ನಿಮಿಷ!" ಎಂದು ಹೆಂಡತಿ ಒಮ್ಮೆ ಸಂಭ್ರಮಪಟ್ಟಳು.

"ಹಲ್ಲು ಕೀಳೋನಿಗೆ ಸ್ಕ್ರೂ ಕೀಳೋದು ಏನು ಮಹಾ?"

"ಕಿತ್ತಿದ್ದು ನೀವು. ಅವರು ವಾಪಸ್ ಹಾಕಿದ್ದು."

ಇಂಥ ಮನುಷ್ಯನಿಗೆ ಚೆಸ್ ಕಲಿಸಿದವರು ಬೇರಾರೂ ಅಲ್ಲ, ಟೈಮಪ್ಪನವರೇ. ಉದಾರತೆಯಿಂದಲ್ಲ. ಪ್ರಪಂಚದಲ್ಲಿ ಒಂದು ವಿಷಯದಲ್ಲಾದರೂ ಇವನು ತನ್ನೆದುರು ಮಣ್ಣುಮುಕ್ಕುವುದನ್ನು ಕಣ್ಣಾರೆ ಕಾಣಬೇಕೆಂಬ ಒಂದೇ ಆಸೆಯಿಂದ. ಆಸೆಯೇನೋ ಈಡೇರಿತು. ಮೊದಲ ಆರು ತಿಂಗಳು ಡಾಕ್ಟರು ವಾರವಾರವೂ ಸೋತರು. ಆದರೆ ನಗುನಗುತ್ತ ಸೋತರು. "ಅಯ್ಯೋ, ಎಷ್ಟು ಚೆನ್ನಾಗಿ ಹೊಡೆದ್ರಿ ಅಣ್ಣಾ!" ಎಂದು ಚಪ್ಪಾಳೆ ತಟ್ಟಿ ಸೋತರು. ಸೋತು ನಗುವವನನ್ನು ಸೋಲಿಸಿ ಯಾವ ಸುಖ? ಹೊಟ್ಟೆಯೊಳಗಿನ ಕಿಚ್ಚಿಗೆ ಅದು ನೀರಾಗಲಿಲ್ಲ, ಎಣ್ಣೆಯಾಯಿತು. ಎರಡನೆಯ ವರ್ಷ ಡಾಕ್ಟರು ಗೆಲ್ಲತೊಡಗಿದರು. ಅದೂ ನಗುತ್ತಲೇ. ಮೂರನೆಯ ವರ್ಷ ಫೈನಲ್ಲಿನಲ್ಲಿ ಗುರುವನ್ನೇ ಹೊಡೆದು ಹಲಗೆ ಹತ್ತಿದರು.

ಅಂದಿನಿಂದ ಟೈಮಪ್ಪನವರು ಆ ಗೋಡೆಗೆ ಬೆನ್ನು ಹಾಕಿ ಕೂರಲು ಶುರುಮಾಡಿದರು. ಹೊಸಬರನ್ನು ಹಲಗೆಯ ಕೆಳಗೆ ನಿಲ್ಲಿಸುವುದು ಬಿಟ್ಟರು. ಏಕೆಂದರೆ ಹೊಸಬರ ಕಣ್ಣು ಹಾಳಾದದ್ದು ಕೆಳಗಿನ ಸಾಲಿನಿಂದ ಓದಲು ತೊಡಗುತ್ತಿತ್ತು. ಡಿಪೋದಲ್ಲಿ ಕಂಡಕ್ಟರೊಬ್ಬ, "ಏನ್ ಸಾರ್, ತಮ್ಮನಿಗೆ ಸೀಟು ಬಿಟ್ಕೊಟ್ರಂತೆ?" ಎಂದು ಕೇಳಿದ್ದಕ್ಕೆ ಅವನ ಬಸ್ಸನ್ನು ಇಪ್ಪತ್ತು ನಿಮಿಷ ಬಿಡದೆ ನಿಲ್ಲಿಸಿಕೊಂಡಿದ್ದರು. ರಿಜಿಸ್ಟರಿನಲ್ಲಿ ಮಾತ್ರ ಆ ಬಸ್ಸೂ ಸರಿಯಾದ ಹೊತ್ತಿಗೇ ಹೊರಟಿತ್ತು.

ಸೋಲಿಗೆ ಅವರೊಂದು ಕಾರಣ ಕಂಡುಕೊಂಡಿದ್ದರು. ತಾನು ಸೋತದ್ದು ಡಾಕ್ಟರಿಗಲ್ಲ, ಡಾಕ್ಟರ ಒಂದು ಕುದುರೆಗೆ. ಟೈಮಪ್ಪನವರು ಬಿಳಿ ಕಾಯಿ ಹಿಡಿದರೆ ಆಡುವುದು ಒಂದೇ ಓಪನಿಂಗು, ಸ್ಪ್ಯಾನಿಷ್. ರಾಜನ ಮುಂದಿನ ಪೇದೆ ಎರಡು ಮನೆ, ಆಮೇಲೆ ಕುದುರೆ, ಮೂರನೇ ನಡೆಗೆ ಒಂಟೆ ಓರೆಯಾಗಿ ಓಡಿಹೋಗಿ ಎದುರಾಳಿಯ ಕುದುರೆಯ ಮೂಗಿನ ಮುಂದೆ ನಿಲ್ಲುವುದು. ಇದಕ್ಕೆ ಲೋಕವೆಲ್ಲ ಕೊಡುವ ಉತ್ತರ ಮೂಲೆಯ ಪೇದೆಯನ್ನು ಒಂದು ಮನೆ ಮುಂದಿಟ್ಟು, "ಏಳಯ್ಯಾ ಇಲ್ಲಿಂದ" ಎಂದು ಒಂಟೆಯನ್ನು ಗದರಿಸುವುದು. ಟೈಮಪ್ಪನವರೇ ಮೊದಲ ದಿನ ಕಲಿಸಿದ್ದು ಇದನ್ನೇ. ಆದರೆ ಡಾಕ್ಟರು ಫೈನಲ್ಲಿನಲ್ಲಿ ಒಂಟೆಯ ತಂಟೆಗೇ ಹೋಗದೆ ಇನ್ನೊಂದು ಕುದುರೆಯನ್ನು ಹಾರಿಸಿದ್ದರು. ಅಲ್ಲಿಂದ ಆಟ ಅಡ್ಡದಾರಿ ಹಿಡಿದಿತ್ತು.

ಎಂಟು ತಿಂಗಳು ಟೈಮಪ್ಪನವರು ಆ ಕುದುರೆಯ ಬೆನ್ನು ಹತ್ತಿದರು. ಇನ್ನೂರು ಪುಟದ ಲಾಂಗ್‌ಬುಕ್ಕು, ನಾಲ್ಕು ಬಣ್ಣದ ಪೆನ್ನು. ಕುದುರೆ ಹಾರಿದರೆ ತಾನು ರಾಜನನ್ನು ಕೋಟೆಗೆ ಸೇರಿಸುವುದು. ಕುದುರೆ ಪೇದೆಯನ್ನು ತಿಂದರೆ ಆನೆ. ಕುದುರೆ ಹಿಂದೆ ಸರಿದರೆ ಇನ್ನೊಂದು.

"ರೀ, ಆ ಕುದುರೆಗೆ ಹುಲ್ಲು ಹಾಕಿದ್ದು ಸಾಕು, ಊಟಕ್ಕೆ ಬನ್ನಿ," ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು. "ನಿಮಗೆ ಇಷ್ಟು ಅಸೂಯೆ ಇರಬಾರದು ಕಣ್ರಿ."

"ಅಸೂಯೆ ಅಲ್ಲ, ಅಧ್ಯಯನ."

"ಮುಖ ನೋಡಿದ್ರೆ ಹಾಗನ್ಸಲ್ಲ."

ಫೈನಲ್ಲು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಕಿಟಕಿಯ ಪಕ್ಕದ ಮೇಜು, ಜೋಡಿ ಗಡಿಯಾರ, ಸುತ್ತ ಏಳೆಂಟು ಜನ ಸದಸ್ಯರು. ಸೆಕ್ರೆಟರಿಯೇ ಅಂಪೈರು. ಗೆದ್ದವರ ಹೆಸರು ಹದಿಮೂರನೇ ಸಾಲಿಗೆ. ಟೈಮಪ್ಪನವರ ಮನಸ್ಸಿನಲ್ಲಿ ಹನ್ನೆರಡನೆಯದು ಆಗಲೇ ಅಚ್ಚಿನ ದೋಷವಾಗಿ ಬದಲಾಗಿತ್ತು.

"ಅಣ್ಣಾ, ನಿದ್ದೆ ಚೆನ್ನಾಗಾಯ್ತಾ?" ಎಂದು ಡಾಕ್ಟರು ಹೆಲ್ಮೆಟ್ಟನ್ನು ಕುರ್ಚಿಯ ಕೆಳಗಿಟ್ಟು ಕೈ ಚಾಚಿದರು.

"ನಮಗ್ಯಾಕೆ ಆಗಲ್ಲ ಡಾಕ್ಟ್ರೇ? ನೀವು ನೋಡ್ಕೊಳ್ಳಿ," ಎಂದು ಟೈಮಪ್ಪನವರು ಬೆರಳ ತುದಿಯಿಂದ ಕೈ ಕುಲುಕಿದರು.

ಟೂರ್ನಮೆಂಟಿನಲ್ಲಿ ಪ್ರತಿಯೊಬ್ಬನೂ ಎರಡೂ ಕಡೆಯ ನಡೆಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಬೇಕು. ನಡೆದ ಮೇಲೆ ಬರೆಯಬೇಕೆಂಬುದು ನಿಯಮ. ಆದರೆ ಇಪ್ಪತ್ತಾರು ವರ್ಷದ ಕೈ ನಿಯಮ ಕೇಳುತ್ತದೆಯೇ? ಗಡಿಯಾರ ಒತ್ತುವ ಮೊದಲೇ ಟೈಮಪ್ಪನವರ ಹಾಳೆಯಲ್ಲಿ ಹತ್ತು ಸಾಲು ತುಂಬಿತ್ತು. ತಮ್ಮದು ಎಡಕ್ಕೆ, ಡಾಕ್ಟರದು ಬಲಕ್ಕೆ, ಮುತ್ತಿನಂಥ ಅಕ್ಷರದಲ್ಲಿ. ಮೂರನೇ ಸಾಲಿನ ಬಲಗಡೆ: ಕುದುರೆ. ಸೆಕ್ರೆಟರಿ ಅದನ್ನು ಕಂಡೂ, ಹಿರಿಯರಲ್ಲವೇ ಎಂದು ಸುಮ್ಮನಾದರು.

ಆಟ ಶುರುವಾಯಿತು. ಪೇದೆ, ಪೇದೆ. ಕುದುರೆ, ಕುದುರೆ. ಟೈಮಪ್ಪನವರ ಒಂಟೆ ಓರೆಯಾಗಿ ಹೋಗಿ ನಿಂತಿತು. ಡಾಕ್ಟರ ಕೈ ಬೋರ್ಡಿನ ಮೇಲೆ ಬಂದು ಹೋಯಿತು. ಟೈಮಪ್ಪನವರು ಹಾಳೆ ನೋಡಿದರು. ಕುದುರೆ. ಸರಿ. ತಡಮಾಡದೆ ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಆಚೆಯಿಂದ ಈಚೆಗೆ ದಾಟಿಸಿ, ಕೋಟೆಯ ಬಾಗಿಲು ಹಾಕಿ, ಗಡಿಯಾರವನ್ನು ಟಪ್ಪನೆ ಒತ್ತಿದರು.

ಡಾಕ್ಟರು ಬೋರ್ಡು ನೋಡಿದರು. ಟೈಮಪ್ಪನವರನ್ನು ನೋಡಿದರು. ಮತ್ತೆ ಬೋರ್ಡು ನೋಡಿದರು. ಅವರ ಮುಖದ ಮೇಲಿನ ನಗೆ ಮೆಲ್ಲಗೆ ಆರಿತು. ಗಲ್ಲಕ್ಕೆ ಕೈಕೊಟ್ಟು ಕೂತರು. ಐದು ನಿಮಿಷ. ಹತ್ತು ನಿಮಿಷ.

ಟೈಮಪ್ಪನವರ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಮೂರು ವರ್ಷದಲ್ಲಿ ಈ ಮನುಷ್ಯ ಗಲ್ಲಕ್ಕೆ ಕೈಯಿಟ್ಟದ್ದೇ ಇಲ್ಲ! ಅವರು ಎದ್ದು, ಕೈ ಹಿಂದೆ ಕಟ್ಟಿ, ಕೋಣೆಯಲ್ಲಿ ಒಂದು ಸುತ್ತು ಬಂದರು. ಎಷ್ಟೋ ತಿಂಗಳ ನಂತರ ಹಲಗೆಯ ಕಡೆ ಮುಖವಿಟ್ಟು ನಿಂತರು. ಹೂಜಿಯಿಂದ ನೀರು ಕುಡಿದು ಸೆಕ್ರೆಟರಿಯ ಕಿವಿಯ ಹತ್ತಿರ ಬಂದರು.

"ಕಚ್ಚಿದೆ."

"ಏನು?"

"ಓಪನಿಂಗು. ನಾಲ್ಕನೇ ನಡೆಗೇ ಕಾಲು ಗಂಟೆ. ಎಂಟು ತಿಂಗಳ ತಯಾರಿ ಅಂದ್ರೆ ಸುಮ್ನೆನಾ?"

ಸೆಕ್ರೆಟರಿ ಕನ್ನಡಕ ಏರಿಸಿ ದೂರದಿಂದಲೇ ಬೋರ್ಡು ನೋಡಿದರು. ಬಾಯಿ ತೆರೆದರು. ತಾನು ಅಂಪೈರು ಎಂಬುದು ನೆನಪಾಗಿ ಮುಚ್ಚಿದರು.

ಇಪ್ಪತ್ತನೇ ನಿಮಿಷಕ್ಕೆ ಗಡಿಯಾರ ಟಪ್ಪೆಂದಿತು. ಟೈಮಪ್ಪನವರು ಬಂದು ಕೂತು ನೋಡಿದರೆ ಡಾಕ್ಟರು ಕುದುರೆ ಹಾರಿಸಿದ್ದರು. ಟೈಮಪ್ಪನವರಿಗೆ ಸ್ವಲ್ಪ ಗಲಿಬಿಲಿಯಾಯಿತು. ಹಾಳೆಯ ಪ್ರಕಾರ ಈ ಕುದುರೆ ಹಿಂದಿನ ಸಾಲಿನಲ್ಲೇ ಹೊರಟುಹೋಗಿತ್ತು. ಹೊರಟ ಬಸ್ಸು ಇನ್ನೊಮ್ಮೆ ಹೊರಡುವುದುಂಟೆ? ಹಾಗಾದರೆ ಹಿಂದಿನ ಸಾಲಿನಲ್ಲಿ ಡಾಕ್ಟರು ಆಡಿದ್ದೇನು?

ಆಗ ಅವರು ಬೋರ್ಡನ್ನು ನೋಡಿದರು. ಆ ದಿನ ಮೊತ್ತಮೊದಲ ಸಲ.

ಮೂಲೆಯ ಪೇದೆ ಒಂದು ಮನೆ ಮುಂದೆ ಬಂದು ನಿಂತಿತ್ತು. ಲೋಕವೆಲ್ಲ ಆಡುವ ನಡೆ. ಕಲಿಯಲು ಬಂದ ಎರಡನೇ ವಾರಕ್ಕೆ ಮಕ್ಕಳೂ ಆಡುವ ನಡೆ. ಅದರ ಓರೆಗೆ, ತಟ್ಟೆಗೆ ಬಡಿಸಿಟ್ಟಂತೆ, ತಮ್ಮ ಒಂಟೆ. ಅದಕ್ಕೆ ಯಾರ ಕಾವಲೂ ಇಲ್ಲ. ಒಂಟೆಯನ್ನು ಪೇದೆಯ ಬಾಯಿಗೆ ಬಿಟ್ಟು ತಾವು ಹೋಗಿ ಕೋಟೆ ಕಟ್ಟಿಕೊಂಡಿದ್ದರು. ಡಾಕ್ಟರು ಅದನ್ನು ತಿನ್ನದೆ ಇಪ್ಪತ್ತು ನಿಮಿಷ ಯೋಚಿಸಿ, ಕುದುರೆಯನ್ನು ತಂದಿಟ್ಟು, ಈಗ ಸೀಲಿಂಗ್ ಫ್ಯಾನಿನ ಅಂದಚೆಂದ ನೋಡುತ್ತ ಕೂತಿದ್ದರು.

ಕಾಣದೆ ಬಿಟ್ಟದ್ದಲ್ಲ. ಕಂಡು ಬಿಟ್ಟದ್ದು. ಟೈಮಪ್ಪನವರ ಕಿವಿ ಕಾದವು. ಈಗ ಒಂಟೆಯನ್ನು ಓರೆಯಾಗಿ ಒಂದು ಮನೆ ಹಿಂದಕ್ಕೆ ಸರಿಸಿದರೆ ಸಾಕು, ಏನೂ ಆಗಿಯೇ ಇಲ್ಲ. ಪುಸ್ತಕದಲ್ಲಿರುವ ಸ್ಪ್ಯಾನಿಷ್ಷೇ ಬೋರ್ಡಿನ ಮೇಲೆ ಬಂದು ಕೂರುತ್ತದೆ. ಆಮೇಲೆ ಬಂದು ನೋಡಿದವರಿಗೆ ಗುಮಾನಿಯೂ ಬಾರದು. ಆಡಿ ಗೆಲ್ಲಲೂಬಹುದು. ಹಲಗೆಯ ಮೇಲೆ ಹೆಸರು. ಕೈ ಒಂಟೆಯ ನೆತ್ತಿಯವರೆಗೂ ಹೋಯಿತು.

ಅಲ್ಲೇ ನಿಂತಿತು. ಹಾಡು ಇವನದು, ಮಿಕ್ಸಿ ಇವನದು, ಮಾವನ ತಲೆದೂಗು ಇವನದು, ಹನ್ನೆರಡನೇ ಸಾಲು ಇವನದು. ಈಗ ದೊಡ್ಡ ಮನಸ್ಸೂ ಇವನದೇ ಆಗಬೇಕೇ? ಇವನು ಬಿಟ್ಟ ಒಂಟೆಯ ಮೇಲೆ ತಾನು ಹಲಗೆ ಹತ್ತಿ, ವರ್ಷವಿಡೀ ಅದರ ಕೆಳಗೆ ಕೂರಬೇಕೇ? ಹನ್ನೊಂದು ವರ್ಷದ ಚಾಂಪಿಯನ್ನಿಗೆ ಭಿಕ್ಷೆ!

ಕೈ ಪಕ್ಕಕ್ಕೆ ಸರಿದು, ಮಂತ್ರಿಯ ಮುಂದಿನ ಪೇದೆಯನ್ನು ಒಂದೇ ಒಂದು ಮನೆ ನೂಕಿತು. ಒಂಟೆ ಇದ್ದಲ್ಲೇ ಇತ್ತು.

ಡಾಕ್ಟರು ಫ್ಯಾನಿನಿಂದ ಕಣ್ಣಿಳಿಸಿ ಬೆಚ್ಚಿ ಪಿಸುಗುಟ್ಟಿದರು. "ಅಣ್ಣಾ…"

"ಆಟ ಆಡಿ ಡಾಕ್ಟ್ರೇ."

"ಅಲ್ಲ, ಒಂಟೆ…"

"ಯಾವ ಒಂಟೆ?"

ಪಿಸಪಿಸ ಸದ್ದಷ್ಟೇ ಕೇಳಿಸಿದ ಸೆಕ್ರೆಟರಿ "ಶ್!" ಎಂದರು. "ಇಬ್ಬರೂ ಮಾತಾಡೋ ಹಾಗಿಲ್ಲ."

ಡಾಕ್ಟರು ಬೆವರೊರೆಸಿಕೊಂಡು, ಒಂಟೆಯ ಕಡೆ ತಪ್ಪಿಯೂ ನೋಡದೆ, ತಮ್ಮ ಒಂಟೆಯೊಂದನ್ನು ಒಂದು ಮನೆ ಹೊರಗೆ ತೆಗೆದರು. ಟೈಮಪ್ಪನವರು ಹಲ್ಲು ಕಚ್ಚಿ ಇನ್ನೊಂದು ಅಂಚಿನ ಪೇದೆಯನ್ನು ನೂಕಿದರು. ತಿನ್ನು. ಒಲ್ಲೆ. ತಿನ್ನೋ ಅಂದರೆ! ಮನೆಗೆ ಬಂದ ಬೀಗರಿಗೂ ಇಷ್ಟು ಒತ್ತಾಯ ನಡೆಯುವುದಿಲ್ಲ. ಸುತ್ತ ನಿಂತವರು ಒಬ್ಬರ ಭುಜದ ಮೇಲೊಬ್ಬರು ಬಗ್ಗಿ ನೋಡತೊಡಗಿದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಟೈಮಪ್ಪನವರು ಷಡ್ಡಕನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಆ ನೋಟದಲ್ಲಿ ಏನು ಕಂಡಿತೋ, ಡಾಕ್ಟರು ನಿಟ್ಟುಸಿರಿಟ್ಟು, ನೋಯುತ್ತಿರುವ ಹಲ್ಲಿಗೆ ಕೈ ಹಾಕುವಷ್ಟು ಮೆಲ್ಲಗೆ ಪೇದೆಯನ್ನೆತ್ತಿ ಒಂಟೆಯನ್ನು ತೆಗೆದರು.

ಅಲ್ಲಿಂದ ಮುಂದೆ ಟೈಮಪ್ಪನವರು ಆಡಿದ ಆಟವನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ಲಾಂಗ್‌ಬುಕ್ಕಿನ ಇನ್ನೂರು ಪುಟವೂ ಕೆಲಸಕ್ಕೆ ಬಾರದೆ ಹೋಗಿತ್ತು. ಹಾಳೆಯ ಮೇಲೆ ಮುಂಗಡ ಬರೆದದ್ದನ್ನೆಲ್ಲ ಗೀಚಿಹಾಕಿದ್ದರು. ಒಂದು ಒಂಟೆ ಕಮ್ಮಿ, ತಲೆಯಲ್ಲಿ ಬರೀ ಹೊಟ್ಟೆಕಿಚ್ಚು. ಅದು ಒಳ್ಳೆಯ ಉರುವಲು. ಪೇದೆಗಳನ್ನು ಮುನ್ನುಗ್ಗಿಸಿದರು, ಆನೆಯನ್ನು ಅಡ್ಡಕ್ಕೆ ಎಳೆದು ತಂದರು, ಇಪ್ಪತ್ತೈದನೇ ನಡೆಯ ಹೊತ್ತಿಗೆ ಎರಡು ಪೇದೆ ವಾಪಸು ಕಿತ್ತುಕೊಂಡು ಡಾಕ್ಟರ ರಾಜನ ಬಾಗಿಲು ಬಡಿಯುತ್ತಿದ್ದರು. ಡಾಕ್ಟರು ನಗುವುದನ್ನು ಮರೆತು ತುಟಿ ಕಚ್ಚಿ ಕೂತಿದ್ದರು. ಮೂರು ವರ್ಷದಲ್ಲಿ ಟೈಮಪ್ಪನವರು ಕಂಡ ಅತಿ ಸುಂದರ ದೃಶ್ಯ ಅದು.

ಆದರೂ ಒಂಟೆ ಒಂಟೆಯೇ. ಮೂವತ್ತೆಂಟನೇ ನಡೆಗೆ ಟೈಮಪ್ಪನವರು ತಮ್ಮ ರಾಜನನ್ನು ಮಲಗಿಸಿದರು.

ಹಾಳೆಗೆ ಸಹಿ ಹಾಕುವ ನೆಪದಲ್ಲಿ ಡಾಕ್ಟರು ಬಗ್ಗಿ ಪಿಸುಗುಟ್ಟಿದರು. "ಅಣ್ಣಾ, ತಪ್ಪು ತಿಳ್ಕೋಬೇಡಿ. ನೀವು ಎಂಟು ತಿಂಗಳಿಂದ ನನ್ನ ಕುದುರೆಗೆ ತಯಾರಾಗ್ತಿದೀರಿ ಅಂತ ಅಕ್ಕ ಫೋನಲ್ಲಿ ನಮ್ಮನೆಯವಳ ಹತ್ರ ಹೇಳಿದ್ರು. ಇವಳು ನನಗೆ ಹೇಳಿದ್ಲು. ಅಷ್ಟೆಲ್ಲ ಓದೋಕೆ ನನ್ನ ಕೈಲಾಗುತ್ತಾ? ಅದಕ್ಕೆ ನೀವೇ ಮೊದಲ ದಿನ ಕಲಿಸಿದ್ದನ್ನ ಆಡಿದೆ. ಒಂಟೆ ಸುಮ್ನೆ ಸಿಕ್ತು ನೋಡಿ, ತಿಂದ್ರೆ ಕದ್ದ ಹಾಗೆ ಅನ್ನಿಸ್ಬಿಡ್ತು."

ಟೈಮಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. ಮನೆಯೊಳಗೇ ಗೂಢಚಾರಿಣಿ ಇರುವವನ ಗುಟ್ಟು ಎಷ್ಟು ದಿನ ಉಳಿದೀತು?

ಅಷ್ಟರಲ್ಲಿ ಸೆಕ್ರೆಟರಿ ಕ್ಲಬ್ಬಿನ ದಪ್ಪ ಪುಸ್ತಕ ತೆರೆದು, ಆಟವನ್ನು ಎಲ್ಲರಿಗೂ ಕೇಳುವಂತೆ ಓದುತ್ತ ನಕಲು ಮಾಡತೊಡಗಿದರು. ನಾಲ್ಕನೇ ನಡೆಗೆ ಬಂದು ನಿಂತರು. ಐದನೆಯದಕ್ಕೆ ಹುಬ್ಬೇರಿಸಿದರು. ಆರನೆಯದಕ್ಕೆ ಪೆನ್ನು ಕೆಳಗಿಟ್ಟರು.

"ಏನ್ರೀ ಇದು! ಒಂಟೆ ಮೂರು ಸಲ ಬಾಯಿಗೇ ಬಂದಿದೆ, ಡಾಕ್ಟ್ರಿಗೆ ಎರಡು ಸಲ ಕಂಡೇ ಇಲ್ಲ. ಸ್ವಾಮಿ, ಹಲ್ಲಾದ್ರೂ ಸರಿಯಾದ್ದನ್ನ ಕೀಳ್ತೀರೋ, ಇಲ್ಲ ಪಕ್ಕದ್ದೋ?"

ಇಡೀ ಕೋಣೆ ಗೊಳ್ಳೆಂದಿತು. ಡಾಕ್ಟರು ತಲೆ ಕೆರೆದುಕೊಂಡು, "ಏನ್ಮಾಡೋದು ಸಾರ್, ಕಾಣ್ಲಿಲ್ಲ," ಎಂದರು.

ಟೈಮಪ್ಪನವರಿಗೆ ಆ ನಗು ಕಿವಿಗೆ ಜೇನು ಸುರಿದಂತಿತ್ತು. ಸುಮ್ಮನಿದ್ದರೆ ಸಾಕು. ನಾಳೆ ಬೆಳಗಾಗುವುದರೊಳಗೆ ಊರೆಲ್ಲ ಕಣ್ಣಿಲ್ಲದ ಚಾಂಪಿಯನ್ ಎನ್ನುತ್ತದೆ. ಡಿಪೋದ ಕಂಡಕ್ಟರುಗಳಿಗೆ ತಾವೇ ವರ್ಣಿಸಬಹುದು. ಹದಿಮೂರನೇ ಸಾಲಿಗೆ ಮಸಿ ಬಳಿಯುವ ಅಗತ್ಯವೇ ಇಲ್ಲ, ಅದು ಬಳಿದುಕೊಂಡೇ ಹುಟ್ಟುತ್ತದೆ. ಅವರು ಅರ್ಧ ನಿಮಿಷ ಆ ಸುಖದಲ್ಲಿ ತೇಲಿದರು.

ಆಮೇಲೆ ಷಡ್ಡಕನ ಮುಖ ನೋಡಿದರು. ಆ ಮನುಷ್ಯ ಕುರುಡ ಎನ್ನಿಸಿಕೊಂಡು ಆರಾಮವಾಗಿ ಹೆಲ್ಮೆಟ್ಟು ಹುಡುಕುತ್ತಿದ್ದ. ಬೇಸರದ ಒಂದು ಗೆರೆಯೂ ಇಲ್ಲ. ಕಳ್ಳ! ಒಂಟೆ ಬಿಟ್ಟುಕೊಟ್ಟದ್ದು ಸಾಲದೆಂದು ಈಗ ಅಪಹಾಸ್ಯವನ್ನೂ ತನ್ನ ತಲೆಗೇ ಕಟ್ಟಿಕೊಂಡು, ಒಳ್ಳೆಯತನದಲ್ಲಿ ಇನ್ನೂ ಒಂದು ಮೆಟ್ಟಿಲು ಮೇಲೇರುತ್ತಿದ್ದಾನೆ! ಇದನ್ನು ಸಹಿಸುವುದು ಸಾಧ್ಯವೇ ಇರಲಿಲ್ಲ.

"ಅವರಿಗೆ ಕಂಡಿತ್ತು," ಎಂದರು ಟೈಮಪ್ಪನವರು.

ನಗು ನಿಂತಿತು.

"ಕಾಣದೆ ಇದ್ದಿದ್ದು ನನಗೆ. ಬೋರ್ಡು ನೋಡ್ಲಿಲ್ಲ, ಹಾಳೆ ನೋಡಿ ಆಡ್ದೆ. ಡಾಕ್ಟ್ರು ನೋಡಿ, ಬೇಕಂತ ಬಿಟ್ರು." ಒಂಟೆ ಕಳೆದುಕೊಂಡಾಗ ಕೂಡ ಇಷ್ಟು ನೋವಾಗಿರಲಿಲ್ಲ.

"ಹಾಗಾದ್ರೆ ನೀವ್ಯಾಕೆ ಹಿಂದಕ್ಕೆ ತಗೊಳ್ಳಲಿಲ್ಲ?" ಎಂದರು ಸೆಕ್ರೆಟರಿ. "ಮತ್ತೆರಡು ಸಲ ಅಲ್ಲೇ ಬಿಟ್ಟಿದೀರಲ್ಲ!"

"ಬಿಟ್ಟಿದ್ದಲ್ಲ ಸ್ವಾಮಿ, ಕೊಟ್ಟಿದ್ದು. ಸರಿಯಾಗಿ ಬರ್ಕೊಳ್ಳಿ. ಮೊದಲನೇ ಸಲ ಕಾಣದೆ ಹೋಗಿದ್ದು. ಆಮೇಲಿನ ಎರಡೂ ಸಲ ಕಂಡು ಕೊಟ್ಟಿದ್ದು. ಅದರ ಕೆಳಗೆ ಗೆರೆ ಎಳೀರಿ."

"ಕಂಡು ಕಂಡು ಒಂಟೆ ಕೊಡೋರಿಗೆ ಏನಂತಾರೆ ಗೊತ್ತಾ?"

"ಅವರು ಎರಡು ಸಲ ಬಿಟ್ರು, ನಾನು ಎರಡು ಸಲ ಕೊಟ್ಟೆ. ಸಮ. ದೊಡ್ಡ ಮನಸ್ಸಿನ ವಿಷಯದಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ."

ಡಾಕ್ಟರು ಹೆಲ್ಮೆಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು, ಮನಸಾರೆ ನಕ್ಕು, ಟೈಮಪ್ಪನವರ ಭುಜದ ಮೇಲೆ ಕೈಯಿಟ್ಟರು. "ಸಮ ಎಲ್ಲಿ ಬಂತು ಅಣ್ಣಾ? ನಾನು ಮೂರನೇ ಸಲ ತಿಂದೇಬಿಟ್ಟೆ. ಕೊನೆವರೆಗೂ ಕೊಟ್ಟವರು ನೀವೇ. ಇದರಲ್ಲಿ ನೀವೇ ದೊಡ್ಡವರು, ಬರ್ಕೊಳ್ಳಿ ಸೆಕ್ರೆಟರಿ ಸಾರ್."

ಎಲ್ಲರೂ ಚಪ್ಪಾಳೆ ತಟ್ಟಿದರು. "ಎಂಥ ಒಳ್ಳೆ ಮನುಷ್ಯ ನೋಡಿ ಡಾಕ್ಟ್ರು," ಎಂದರು ಯಾರೋ.

ಟೈಮಪ್ಪನವರು ಮೆಟ್ಟಿಲಿಳಿದು ಬೀದಿಗೆ ಬಂದು, ಮೊದಲ ತಿರುವು ದಾಟಿ, ಡಾಕ್ಟರ ಹೆಸರಿನ ಬೋರ್ಡಿರುವ ಕಟ್ಟಡವನ್ನೂ ದಾಟಿ, ಮನೆಯ ಗೇಟಿಗೆ ಕೈ ಹಾಕುವವರೆಗೂ ಒಂದೇ ಸಮನೆ ಯೋಚಿಸಿದರು. ಆ ಕೊನೆಯ ಮಾತಿಗೆ ತಾನು ಯಾವ ನಡೆ ಆಡಬೇಕಿತ್ತು?

"ಏನಾಯ್ತು ರೀ?" ಎಂದಳು ಹೆಂಡತಿ ಬಾಗಿಲಲ್ಲೇ.

"ನಿನ್ನ ತಂಗಿ ಗಂಡ," ಎಂದರು ಟೈಮಪ್ಪನವರು ಚಪ್ಪಲಿ ಬಿಡುತ್ತ, "ತುಂಬಾ ಒಳ್ಳೆಯವನು ಕಣೇ. ಹಾಳಾದವನು."